ರಾಗಿ ಡ್ರಮ್ಮಿನ ತಳದ ಬೋರಮಾಳ

ಅಮ್ಮ ಉಜ್ಜಿದಷ್ಟೂ ಸರ ಬೆಳ್ಳಗಾಗುತ್ತಿತ್ತು.

ಹಿತ್ತಲಿನ ಒಗೆಯುವ ಕಲ್ಲಿನ ಮುಂದೆ ಕುಕ್ಕರುಗಾಲಲ್ಲಿ ಕೂತು, ಅಂಟುವಾಳದ ನೊರೆಯಲ್ಲಿ ಒಂದೊಂದೇ ಗುಂಡನ್ನು ಹೆಬ್ಬೆರಳಿನಿಂದ ತಿಕ್ಕುತ್ತಿದ್ದಳು. ಪಕ್ಕದಲ್ಲಿ ಹಿಂಡಿ ಬಿಸಾಕಿದ ಹುಣಸೆಹಣ್ಣು, ಒಂದು ಹಿಡಿ ಒಲೆಬೂದಿ. ಬಂಗಾರಪೇಟೆ ಬಸ್ಸಿಗೆ ಹೊತ್ತಾಯಿತೆಂದು ಟಿಫನ್ ಡಬ್ಬಿ ಹುಡುಕುತ್ತ ಬಂದ ನಾನು ಅಲ್ಲೇ ನಿಂತುಬಿಟ್ಟೆ. ಅವಳ ಕೈಲಿದ್ದದ್ದು ನನ್ನ ಅತ್ತಿಗೆ ಸುಮಿತಾಳ ಸರ. ಮದುವೆಯ ದಿನ ಅರಿಶಿನದ ಕೊಂಬಿನ ಬಣ್ಣಕ್ಕಿದ್ದ ಗುಂಡುಗಳು ಈಗ ಬೆಳ್ಳಿ ಗೆಜ್ಜೆಯ ಹಾಗೆ ತಣ್ಣಗೆ ಹೊಳೆಯುತ್ತಿದ್ದವು.

"ಬಾಗ್ಲು ಮುಂದಕ್ಕಾಕು," ಅಂದಳು ಅಮ್ಮ ತಲೆ ಎತ್ತದೆ.

"ಏನಾಯ್ತಮ್ಮ ಇದಕ್ಕೆ?"

"ಏನಾಗ್ತೈತೆ. ಇದ್ದಿದ್ದೇ ಇಂಗೆ. ಮೇಲಿನ ನೀರು ಓಯ್ತು, ಒಳಗಿಂದು ಕಾಣ್ತು."

ಆ ಬಗೆಯ ಸರಕ್ಕೆ ಬೋರಮಾಳ ಅಂತ ಹೆಸರು. ನಮ್ಮ ಕಡೆ ಯಾರೂ ಹಾಕುವುದಿಲ್ಲ. ಸುಮಿತಾಳ ಅಪ್ಪ ಅಮ್ಮ ಬಾಗಲಕೋಟೆ ಕಡೆಯವರು. ಕೆಜಿಎಫ್‌ಗೆ ಫ್ಯಾಕ್ಟರಿ ಕೆಲಸಕ್ಕೆ ಬಂದು ಕ್ವಾರ್ಟರ್ಸಿನಲ್ಲೇ ಮಕ್ಕಳನ್ನು ಬೆಳೆಸಿದವರು. ನಮ್ಮಣ್ಣ ಚಿರಂಜೀವಿಗೂ ಅದೇ ಫ್ಯಾಕ್ಟರಿ. ಹಾಗಾಗಿ ಕ್ಯಾಸಂಬಳ್ಳಿಯ ಪಕ್ಕದ ನಮ್ಮ ಹಸುಗಳ ಮನೆಗೆ ಹೌದ್ರಿ, ಇಲ್ರಿ ಅನ್ನುವ ಸೊಸೆ ಬಂದಳು. ಮದುವೆಯಾದ ವಾರಕ್ಕೇ ಅಮ್ಮ ಸರವನ್ನು "ಜೋಪಾನ ಮಾಡ್ತೀನಿ ಕೊಡು" ಅಂತ ಇಸಿದುಕೊಂಡಿದ್ದಳು. ಎಲ್ಲಿಡ್ತೀರಿ ಅತ್ತಿ ಅಂತ ಸುಮಿತಾ ಕೇಳಿದ್ದಕ್ಕೆ, "ನಂಗೊತ್ತಿದ್ರೆ ಸಾಕು" ಅಂದಿದ್ದಳು.

ನನಗೂ ಗೊತ್ತಿತ್ತು. ರಾಗಿ ಡ್ರಮ್ಮಿನ ತಳ. ರಾಗಿಗೆ ಹುಳ ಬೀಳುವುದಿಲ್ಲ, ವರ್ಷಗಟ್ಟಲೆ ಇಟ್ಟರೂ ಕೆಡುವುದಿಲ್ಲ. ಮೇಲಿಂದ ತೆಗೆದುಕೊಳ್ಳುತ್ತೇವೆ, ಸುಗ್ಗಿಯಲ್ಲಿ ಮತ್ತೆ ತುಂಬುತ್ತೇವೆ, ತಳ ಯಾರೂ ನೋಡುವುದಿಲ್ಲ. ಅಜ್ಜಿಯ ಕಾಲಕ್ಕೆ ನೆಲದೊಳಗಿನ ಹಗೇವು, ಅಮ್ಮನ ಕಾಲಕ್ಕೆ ನೀಲಿ ಪ್ಲಾಸ್ಟಿಕ್ ಡ್ರಮ್ಮು. ಅಮ್ಮ ಭುಜದವರೆಗೂ ತೋಳು ತೂರಿಸಿ, ಕೆನ್ನೆಯನ್ನು ಕಾಳಿಗೆ ಒತ್ತಿ, ಕಣ್ಣು ಮುಚ್ಚಿ ತಡಕಾಡುವುದನ್ನು ನಾನು ಚಿಕ್ಕಂದಿನಿಂದ ನೋಡಿದ್ದೆ. ಪಾತಾಳದಲ್ಲಿ ಯಾರದೋ ಕೈ ಹುಡುಕುತ್ತಿರುವವಳ ಹಾಗೆ ಕಾಣುತ್ತಿದ್ದಳು.

ಶ್ರಾವಣದ ಕೊನೆಗೆ ಸುಮಿತಾಳ ತಂಗಿ ಕಲಾಳ ನಿಶ್ಚಿತಾರ್ಥವಿತ್ತು. ಹಾಕಿಕೊಂಡು ಹೋಗಲು ಸರ ಬೇಕೆಂದು ಸುಮಿತಾ ಕೇಳಿದ್ದರಿಂದಲೇ ಅವತ್ತು ಅದು ಮೇಲೆ ಬಂದಿತ್ತು.

ಸಂಜೆ ಅಣ್ಣ ಶಿಫ್ಟ್ ಮುಗಿಸಿ ಬಂದು ಕಾಲು ತೊಳೆಯುವ ಮೊದಲೇ ಸರ ಅವನ ಮುಂದೆ ಬಿತ್ತು.

"ನೋಡ್ಲಾ, ನಿಮ್ಮಾವ ಕೊಟ್ಟ ಬಂಗಾರ."

ಅಣ್ಣ ಎತ್ತಿ ಬಾಗಿಲ ಬೆಳಕಿಗೆ ಹಿಡಿದ. "ಬೇರೆ ಯಾವ್ದೋ ಇರ್ಬೇಕಮ್ಮ."

"ಊಂ, ರಾಶಿ ರಾಶಿ ಮಡಗಿದೀನಲ್ಲ, ಅದ್ರಾಗೆ ಬದ್ಲಾಗೈತೆ."

ಸುಮಿತಾ ಸೌಟು ಹಿಡಿದೇ ಅಡುಗೆಮನೆಯಿಂದ ಬಂದಳು. ಕೊಂಡಿಯ ಪಕ್ಕದ ಸೊಟ್ಟ ಗುಂಡನ್ನು ಬೆರಳಲ್ಲಿ ಹುಡುಕಿದಳು. "ನಂದ ಐತಿ," ಅಂದಳು ಮೆಲ್ಲಗೆ. "ಹಿಂಗ್ಯಾಕ ಆಗೇತ್ರಿ ಅತ್ತಿ? ಎಲ್ಲಿಟ್ಟಿದ್ರಿ?"

"ಎಲ್ಲಾನ ಮಡಗ್ಲಿ. ಬಂಗಾರ ಆಗಿದ್ರೆ ತಿಪ್ಪೆನಾಗೆ ಬಿದ್ದಿದ್ರೂ ಬಂಗಾರಾನೇ." ಅಮ್ಮ ಎರಡೂ ಕೈ ಮುಂದೆ ಚಾಚಿದಳು. ಒಂದೊಂದು ಕೈಗೆ ಒಂದೊಂದು ಬಳೆ. "ಇದು ನೋಡು. ನಮ್ಮಪ್ಪ ಮುನಿಯಪ್ಪ ಮದ್ವೇಲಿ ಆಕಿದ್ದು. ಸಗಣಿ ಬಾಚಿದೀನಿ, ಪಾತ್ರೆ ತಿಕ್ಕಿದೀನಿ, ನಾಟಿ ಆಕಿದೀನಿ. ಬಣ್ಣ ಓಯ್ತಾ?"

"ಅದು ನಮ್ಮವ್ವನ ಸರರಿ. ಅಕಿ ಕೊಳ್ಳಾಗ ಎಷ್ಟೋ ವರ್ಷ ಇತ್ತು. ಒಂದಿನ ಹಿಂಗಾಗಿಲ್ಲ."

"ಅಂಗಾದ್ರೆ ಕೊಡಾ ಮುಂಚೆ ಬದ್ಲಾಯ್ಸವ್ರೆ. ಓಗಿ ನಿಮ್ಮಪ್ಪನ್ನ ಕೇಳು. ಚಿನ್ನದ ಊರಿಂದ ಬಂದೋಳು ಚಿನ್ನ ಇಲ್ದೆ ಬಂದವ್ಳೆ ಅಂತ ಜನ ಆಡ್ಕೊಳಾದು ಬೇಡ."

ಅಪ್ಪ ಅಶ್ವತ್ಥಪ್ಪ ಡೈರಿಗೆ ಹಾಲು ಹಾಕಿ ಬಂದು ಖಾಲಿ ಕ್ಯಾನನ್ನು ಮೂಲೆಗಿಟ್ಟ. "ಬಂಗಾರಪೇಟೆ ಬಜಾರಾಗೆ ಯಾರ್ಗಾನ ತೋರ್ಸಿದ್ರೆ ಆಯ್ತಲ್ಲ, ರತ್ನ."

"ಅಲ್ಲಿ ಚಿನ್ನದ ಅಂಗಡೀಲಿ ಕೂತಿರೋನು ನಮ್ಮ ದೊಡ್ಡಪ್ಪನ ಮಗನ ಭಾಮೈದ. ಇವತ್ತು ತೋರ್ಸಿದ್ರೆ ನಾಳೆ ನಿಮ್ಮ ಡೈರಿ ಕ್ಯೂನಾಗೆ ಸುದ್ದಿ ನಿಂತಿರ್ತೈತೆ. ನಿಮ್ಗಿಂತ ಮುಂದೆ."

"ನಾ ಬರಿ ಕೊಳ್ಳಾಗ ಹೋದ್ರ ಅವ್ವ ಕೇಳ್ತಾಳ," ಅಂದಳು ಸುಮಿತಾ. "ಅಲ್ಲಿ ಕಲಾನ ಬೀಗರು ಕುಂತಿರ್ತಾರ. ಈ ಮಾತು ಅವ್ರ ಕಿವಿಗೆ ಬಿದ್ರ ಆ ಸಂಬಂಧನ ಮುರೀತೈತಿ."

"ಅದಕ್ಕೆ ಮುಂಚೇನೇ ಕೇಳು ಅಂದಿದ್ದು."

"ನಮ್ಮಪ್ಪನ್ನ ನಾ ಆ ಮಾತು ಕೇಳಂಗಿಲ್ರಿ."

"ಅಂಗಾದ್ರೆ ಈ ಸರ ನಿಂಗೆ ಸಿಗಲ್ಲ. ಬರೀ ಕತ್ನಾಗೆ ಓಗು, ಇಲ್ಲ ಓಗ್ಲೇಬೇಡ."

ಸುಮಿತಾ ಸೌಟು ಹಿಡಿದು ತಿರುಗಿದಳು. "ಸಾರು ಆರ್ತೈತಿ," ಅಂತ ಒಳಗೆ ಹೋದಳು.

ಅಲ್ಲಿಂದಾಚೆ ಮನೆಯಲ್ಲಿ ಯಾರೂ ಒಂದು ಕಡೆ ಕೂರಲಿಲ್ಲ. ಅಣ್ಣ ಓವರ್‌ಟೈಮ್ ಕೇಳಿ ತೆಗೆದುಕೊಂಡ. ಬಂದರೆ ಬೈಕ್ ಒರೆಸುತ್ತಿದ್ದ, ಒರೆಸಿದ್ದನ್ನೇ ಒರೆಸುತ್ತಿದ್ದ. ಕಲಾ ಫೋನ್ ಮಾಡಿದಾಗಲೆಲ್ಲ ಸುಮಿತಾ ದನದ ಕೊಟ್ಟಿಗೆಗೆ ಹೋಗಿ ಮಾತಾಡುತ್ತಿದ್ದಳು. "ಹೂಂ, ಬರ್ತೀನಿ. ಹೂಂ, ಹಾಕ್ಕೊಂಡ ಬರ್ತೀನಿ," ಅನ್ನುವುದು ಕೇಳುತ್ತಿತ್ತು. ಹಾಗೆ ಹೇಳಿ ಬಂದು ಊಟಕ್ಕೆ ಕೂರುತ್ತಿರಲಿಲ್ಲ. ಅಮ್ಮ ಎರಡು ಸಲ ಸಾರಿಗೆ ಉಪ್ಪು ಹಾಕಿದಳು. ಅಪ್ಪ ನೀರು ಬೆರೆಸಿಕೊಂಡು ಉಂಡ. ಅಣ್ಣ, "ಇದನ್ನ ಹಸುಗೆ ಇಟ್ರೆ ನಾಳೆ ಹಾಲು ಉಪ್ಪಾಗುತ್ತೆ," ಅಂದ. ಯಾರೂ ನಗಲಿಲ್ಲ.

ಅಮ್ಮ ಮಾತ್ರ ಬೇರೆ ರೀತಿ ಬದಲಾದಳು. ಮೊದಲ ವಾರ ನೆರೆಮನೆಗೆ ಕೇಳುವ ಹಾಗೆ ಗೊಣಗುತ್ತಿದ್ದವಳು ಇದ್ದಕ್ಕಿದ್ದಂತೆ ಸುಮ್ಮನಾದಳು. ಹಾಗಂತ ಸರ ಕೊಡಲೂ ಇಲ್ಲ. ಬಲಗೈ ಮಣಿಕಟ್ಟಿಗೆ ಹಳೆಯ ಸೀರೆಯ ತುಂಡು ಸುತ್ತಿಕೊಂಡಳು.

"ಏನಮ್ಮ ಅದು?"

"ಗಂಜಿ ಚೆಲ್ಕೊಂಡೆ."

"ತೋರ್ಸು, ಮುಲಾಮು ಹಚ್ತೀನಿ."

"ನೀನು ಡಾಕ್ಟ್ರಾ? ಓಗಿ ಓದ್ಕೋ ಓಗು."

ಬಳೆಯ ಮಾತೂ ನಿಂತಿತು. ದಿನಕ್ಕೊಮ್ಮೆಯಾದರೂ ನಮ್ಮಪ್ಪ ಮುನಿಯಪ್ಪ ಅನ್ನುತ್ತಿದ್ದವಳ ಬಾಯಲ್ಲಿ ಆ ಹೆಸರೇ ಬರಲಿಲ್ಲ.

ಒಂದು ಮಧ್ಯಾಹ್ನ ಜಗಲಿಯಲ್ಲಿ ಅಜ್ಜಿ ಅಮ್ಮಾಜಮ್ಮ ಹುರುಳಿ ಆರಿಸುತ್ತಿದ್ದಳು. ಪಕ್ಕದಲ್ಲಿ ನಾನು. ಅಜ್ಜಿಯ ಅಣ್ಣ ಒಂದು ಕಾಲದಲ್ಲಿ ಕೆಜಿಎಫ್‌ನ ಮೈಸೂರು ಮೈನ್ಸಿನಲ್ಲಿ, ಕಲ್ಲು ಕುಟ್ಟಿ ಬಂಗಾರ ತೆಗೆಯುವ ಮಿಲ್ಲಿನಲ್ಲಿ ಕೆಲಸಕ್ಕಿದ್ದ. ಅವನು ತಂದ ಕತೆಗಳಲ್ಲೇ ನಾನು ಬೆಳೆದದ್ದು.

"ಬಂಗಾರ ಅಂತ ಒಬ್ಳಿದ್ಳು," ಅಂದಳು ಅಜ್ಜಿ, ಕೇಳದಿದ್ದರೂ. "ನೀರಾಗಿಟ್ರೆ ತುಕ್ಕಿಲ್ಲ, ಮಣ್ಣಾಗೆ ಊತ್ರೆ ಕೊಳೆಯಾಕಿಲ್ಲ. ಸುತ್ಗೇಲಿ ಬಡಿದ್ರೆ ಒಡೆಯಾಕಿಲ್ಲ, ತೆಳ್ಳಗಾಗ್ತಾಳೆ. ಬಾಳೆಲೆಗಿಂತ ತೆಳ್ಳಗೆ, ನಿನ್ನ ಉಸ್ರಿಗೆ ಆರೋಗಷ್ಟು. ಕಬ್ಬಿಣ ಬಂದ ಎಣ್ಣು ಕೇಳಾಕೆ, ಮೈಯೆಲ್ಲಾ ತುಕ್ಕು. ತಾಮ್ರ ಬಂದ, ಕಿಲುಬು. ಬೆಳ್ಳಿ ಬಂದ, ನೋಡಾಕೆ ಚೆಂದ, ಸಿಟ್ಟು ಬಂದ್ರೆ ಮುಖ ಕಪ್ಪಗೆ. ಯಾರೂ ಬೇಡ ಅಂದ್ಳು. ಕೊನೆಗೊಬ್ಬ ಬಂದ. ಕೈಯಿಲ್ಲ, ಕಾಲಿಲ್ಲ. ಇಡ್ಯಾಕೋದ್ರೆ ಸಿಗಲ್ಲ, ಓಡ್ತಾನೇ ಇರ್ತಾನೆ. ಅವನು ಮುಟ್ಟಿದ ಗಳಿಗೆ..."

ಅಲ್ಲಿಗೆ ಅಜ್ಜಿಯ ಗಲ್ಲ ಎದೆಗೆ ಬಿತ್ತು. ಈ ಕತೆ ಯಾವಾಗಲೂ ಇಲ್ಲಿಗೇ ನಿಲ್ಲುತ್ತಿತ್ತು. ಓಡುವವನು ಯಾರೆಂದು ನನಗೆ ಅವತ್ತಿಗೂ ತಿಳಿದಿರಲಿಲ್ಲ. ಗಾಳಿ ಇರಬೇಕೆಂದುಕೊಂಡಿದ್ದೆ.

"ಅತ್ತೆ, ಉರುಳಿ ಆಯ್ರಿ, ಕತೆ ಸಾಕು," ಅಂತ ಅಮ್ಮ ಒಳಗಿನಿಂದ ಕೂಗಿದಳು. ಅಜ್ಜಿಗೆ ಕೇಳಿಸಲಿಲ್ಲ.

ನಿಶ್ಚಿತಾರ್ಥಕ್ಕೆ ಇನ್ನೊಂದು ವಾರ ಉಳಿದಿದ್ದಾಗಿನ ಭಾನುವಾರ. ರಾಗಿ ಹಿಟ್ಟು ತಳ ಕಂಡಿತ್ತು. ಅಮ್ಮ ಇದ್ದ ಹಿಟ್ಟಿಗೆ ಮುದ್ದೆಗೆ ಎಸರಿಟ್ಟು, ಮಿಲ್ಲಿಗೆ ಕಾಳು ತೆಗೆದಿಡುವಂತೆ ಸುಮಿತಾಳಿಗೆ ಹೇಳಿದಳು. ಡ್ರಮ್ಮಿನಲ್ಲೂ ಕಾಳು ಅರ್ಧಕ್ಕಿಂತ ಕೆಳಗಿಳಿದಿತ್ತು. ಸುಮಿತಾ ಪಾವಿನಲ್ಲಿ ಬಗ್ಗಿ ಬಗ್ಗಿ ತೆಗೆಯುವುದನ್ನು ನೋಡಿ ನಾನೂ ಕೈ ಹಾಕಲು ಹೋದೆ.

"ಉಂಗುರ ತಗದಿಡ್ರಿ ಅಂಬಿಕಾ."

"ಯಾಕತ್ತಿಗೆ?"

"ಒಳಗ ಗುಳಿಗಿ ಅದಾವ, ಹುಳದ ಗುಳಿಗಿ. ಪಾದರಸ ಕಲಸಿರ್ತಾರ. ಬಂಗಾರಕ್ಕ ತಾಗಸಬಾರ್ದು ಅಂತ ಅವ್ವ ಹೇಳ್ತಾಳ. ಇಡೂವಾಗ ನಾನೂ ಉಂಗುರ ತಗದ ಇಟ್ಟೆ."

"ರಾಗಿಗೆ ಎಲ್ಲಿ ಹುಳ ಬೀಳ್ತವೆ?"

ಸುಮಿತಾ ಪಾವು ಹಿಡಿದೇ ತಲೆ ಎತ್ತಿದಳು. "ಬೀಳಂಗಿಲ್ಲೇನ್ರಿ? ನಮ್ಮ ಕಡೆ ಜ್ವಾಳಕ್ಕ ಬೀಳ್ತಾವ. ಅವ್ವ ವರ್ಷಾ ಊರಿಂದ ತರ್ತಿದ್ಳು, ಅರಬಿ ತುಂಡಿನ್ಯಾಗ ಗಂಟು ಕಟ್ಟಿ ತಳಕ್ಕ ಇಡ್ತಿದ್ಳು. ಸುಗ್ಗ್ಯಾಗ ಇದನ್ನ ತುಂಬೂವಾಗ, ಇದ್ದ ಹಳೇ ಕಾಳಿನ್ಯಾಗ ಕೈ ಇಳಿಸಿ ಒಂದು ಗಂಟು ನಾನ ಇಟ್ಟೆ. ಯಾರೂ ಹೇಳದ ಒಂದು ಕೆಲಸ ಮಾಡಿದ್ನಲ್ಲ ಅಂತ ಖುಷಿ ಆಗಿತ್ತು."

ನಾನು ಚಾಚಿದ್ದ ಕೈ ಹಿಂದಕ್ಕೆಳೆದುಕೊಂಡೆ. "ಅತ್ತಿಗೆ, ನಿಮ್ಮ ಸರ ಇದ್ದಿದ್ದೂ ಇಲ್ಲೇ. ಇದ್ರ ತಳದಲ್ಲೇ."

ಅವಳು ಭುಜದವರೆಗೆ ತೋಳು ಇಳಿಸಿ ತಡಕಿದಳು. ಮೇಲೆ ಬಂದ ಬಟ್ಟೆಯ ಗಂಟು ಒಂದು ಕಡೆ ಹರಿದಿತ್ತು. ಗುಳಿಗೆಗಳು ಪುಡಿಯಾಗಿ ಬೂದಿಯಾಗಿದ್ದವು. ಪಾವಿನಲ್ಲಿದ್ದ ಕೆಂಪು ಕಾಳಿನ ಮೇಲೆ ಸಾಸಿವೆಗಿಂತ ಸಣ್ಣದೊಂದು ಹೊಳೆಯುವ ಹನಿ ಬಿದ್ದು, ಓಡಿ, ಕಾಳಿನ ಸಂದಿಯಲ್ಲಿ ಮಾಯವಾಯಿತು. ಕೈಯಿಲ್ಲ, ಕಾಲಿಲ್ಲ. ನನಗೆ ಅಜ್ಜಿಯ ಕತೆಯ ಗಂಡು ಸಿಕ್ಕಿದ್ದ.

ಸುಮಿತಾ ನೆಲದ ಮೇಲೆ ಕೂತು ನಕ್ಕಳು. ವಾರಗಳಿಂದ ಕಾಣದ ನಗು. "ನಮ್ಮಪ್ಪನ ಬಂಗಾರ ಖರೇ ಐತಿ," ಅಂದಳು. ನಗು ಅರ್ಧದಲ್ಲೇ ನಿಂತಿತು. ಅವಳ ಕಣ್ಣು ಡ್ರಮ್ಮಿನ ಮೇಲಿತ್ತು.

"ಇದ್ರಾಗಿಂದ ಎಲ್ಲಾರೂ ಉಂಡಾರ," ಅಂದಳು. "ಅಜ್ಜಿ ಎರಡೂ ಹೊತ್ತು ಉಣ್ತಾರ."

"ಗಂಟು ತಳದಲ್ಲಿತ್ತಲ್ಲ..."

"ಹರದೈತಿ ಅದು. ಮೇಲಿನ ಕಾಳಿಗೆ ಬಂದಿಲ್ಲಂತ ಯಾರು ಹೇಳ್ಯಾರ?" ಅವಳು ನನ್ನ ಕೈ ಹಿಡಿದಳು. "ಸುಳ್ಳು ಬಂಗಾರದಾಕಿ ಅಂತ ಅನಸ್ಕೊಂಡೆ, ಇರ್ಲಿ. ಇನ್ನ ಕಾಳಿಗೆ ವಿಷ ಇಟ್ಟಾಕಿ ಅಂದ್ರ ಈ ಮನ್ಯಾಗ ಹೆಂಗ ಇರ್ಲಿ? ನಿಮ್ಮಣ್ಣ ಬರಲಿ ಅಂಬಿಕಾ. ಮೊದಲ ಅವ್ರಿಗೆ ಹೇಳ್ತೀನಿ. ಅಲ್ಲೀತನಕ ಸುಮ್ನಿರ್ರಿ."

ನಾನು ಹೂಂ ಅಂದೆ. ಅಷ್ಟರಲ್ಲಿ ಹೊರಗೆ ಬೈಕ್ ಬಂತು, ಅದರ ಹಿಂದೆಯೇ ಅಮ್ಮನ ದನಿ: "ಬನ್ರಿ, ಬಿಸಿ ಆರ್ತೈತೆ."

ನಾವು ಕೈ ತೊಳೆದು ಹೋಗುವಷ್ಟರಲ್ಲಿ ನಡುಮನೆಯಲ್ಲಿ ಅಪ್ಪ, ಅಣ್ಣ, ಅಜ್ಜಿ ಆಗಲೇ ಕೂತಿದ್ದರು. ಅಮ್ಮ ಎಡಗೈಯಲ್ಲಿ ಮುದ್ದೆ ಬಡಿಸುತ್ತಿದ್ದಳು. ಬಲಗೈಗೆ ಆ ಬಟ್ಟೆ ಹಾಗೇ ಇತ್ತು. ಸುಮಿತಾ ಬಾಗಿಲಲ್ಲಿ ನಿಂತು ಅಣ್ಣನ ಕಡೆ ನೋಡಿದಳು. ಅವನು ಸಾರು ಹುಯ್ದುಕೊಳ್ಳುತ್ತಿದ್ದ. ಅಜ್ಜಿ ಮುದ್ದೆಯ ಒಂದು ತುತ್ತು ಮುರಿದು, ಸಾರಿನಲ್ಲಿ ಹೊರಳಿಸಿ, ಬಾಯಿಯ ಹತ್ತಿರ ತಂದಳು.

ಸುಮಿತಾ ಎರಡೇ ಹೆಜ್ಜೆಗೆ ಹೋಗಿ ಅಜ್ಜಿಯ ಕೈಯಿಂದ ತುತ್ತು ಬಿಡಿಸಿ, ಮುಂದಿದ್ದ ತಟ್ಟೆಯನ್ನು ಎತ್ತಿಕೊಂಡಳು.

ಅಣ್ಣನ ಕೈಯಲ್ಲಿದ್ದ ಸಾರಿನ ಬಟ್ಟಲು ಓರೆಯಾಯಿತು. ಅಪ್ಪ ಎದ್ದು ನಿಂತ.

"ವಯಸ್ಸಾದೋರು ಉಣ್ತಿರೋವಾಗ ಮುಂದಿನ ತಟ್ಟೆ ತೆಗೀತೀಯಾ?" ಅಪ್ಪ ಎಂದೂ ಅವಳ ಜೊತೆ ಆ ದನಿಯಲ್ಲಿ ಮಾತಾಡಿದವನಲ್ಲ. "ಯಾವ ಮನೇಲಿ ಕಲ್ತೆ ಇದನ್ನ?"

"ಉಣಬ್ಯಾಡ್ರಿ ಮಾವ. ಯಾರೂ ಉಣಬ್ಯಾಡ್ರಿ." ಅವಳು ತಟ್ಟೆ ಹಿಡಿದು ಹಿಂದಕ್ಕೆ ಸರಿದಳು. "ರಾಗ್ಯಾಗ ಪಾದರಸದ ಗುಳಿಗಿ ಇಟ್ಟಿದ್ದೆ. ಹುಳ ಆಗಬಾರ್ದಂತ. ಅದು ಒಡದ ಹೋಗೇತಿ. ಸರ ಬೆಳ್ಳಗಾಗಿದ್ದೂ ಅದರಿಂದ. ಬೈರಿ, ಹೊಡೀರಿ, ನಾ ಇಲ್ಲ ಅನ್ನಂಗಿಲ್ಲ. ಆದ್ರ ಇದನ್ನ ಉಣಬ್ಯಾಡ್ರಿ."

"ಯಾರನ್ನಾದ್ರೂ ಒಂದು ಮಾತು ಕೇಳ್ಬಾರ್ದಿತ್ತಾ?" ಅಣ್ಣ ಬಟ್ಟಲನ್ನು ಕೆಳಗಿಟ್ಟ.

"ಕೇಳಬೇಕಿತ್ರಿ."

ಇನ್ನು ಅಮ್ಮನ ಸರದಿ. ನಾನು ಗೋಡೆಗೆ ಒತ್ತಿ ನಿಂತೆ. ವಿಷ ಅನ್ನುವ ಮಾತು ಅವಳ ಬಾಯಿಂದ ಬಂದರೆ ಈ ಮನೆಯಲ್ಲಿ ಯಾರೂ ಅದನ್ನು ಮತ್ತೆ ತೊಳೆಯಲಾರರು ಅನ್ನಿಸಿತು.

ಅಮ್ಮ ಮುದ್ದೆಯ ಪಾತ್ರೆಯನ್ನು ಕೆಳಗಿಟ್ಟಳು. ಬಲಗೈಯ ಬಟ್ಟೆಯ ಗಂಟನ್ನು ಹಲ್ಲಿನಿಂದ ಬಿಚ್ಚಿ, ಸುತ್ತು ಸುತ್ತಾಗಿ ತೆಗೆದಳು. ಸುಟ್ಟ ಗಾಯ ಇರಲಿಲ್ಲ. ತಾತನ ಬಳೆ ಇತ್ತು. ಅರ್ಧ ಹಳದಿ, ಅರ್ಧ ಬೆಳ್ಳಗೆ, ಚರ್ಮ ಸುಲಿದ ಹಾಗೆ.

"ಇದ್ಕೂ ಅದೇನಾ?" ಅಂದಳು.

ಯಾರಿಗೂ ಅರ್ಥವಾಗಲಿಲ್ಲ.

"ಅವತ್ತಿಂದ ದಿನಾ ಆ ಸರ ಉಜ್ಜಿ ಉಜ್ಜಿ ಇದೂ ಇಂಗಾಯ್ತು. ನಮ್ಮಪ್ಪಾನೂ ನಂಗೆ ಮೋಸ ಮಾಡ್ಬಿಟ್ನಾ ಅಂದ್ಕೊಂಡೆ. ಸತ್ತೋನ ತಾವ ಓಗಿ ಯಾರು ಕೇಳಾದು?" ಅವಳು ಕೈಯನ್ನು ಸುಮಿತಾಳ ಮುಂದೆ ಹಿಡಿದಳು, ಮುಳ್ಳು ಚುಚ್ಚಿಸಿಕೊಂಡ ಮಗುವಿನ ಹಾಗೆ. "ಸರಿಯಾಗಿ ನೋಡಿ ಹೇಳಮ್ಮ. ಇದು ಬಂಗಾರಾನೇನಾ?"

ಸುಮಿತಾ ತಟ್ಟೆಯನ್ನು ಪಕ್ಕಕ್ಕಿಟ್ಟು ಆ ಕೈ ಹಿಡಿದುಕೊಂಡಳು. "ಬಂಗಾರಾನ ಐತ್ರಿ ಅತ್ತಿ. ಮ್ಯಾಲಷ್ಟ ಹತ್ತೇತಿ."

"ನಿನ್ನ ಬಳೇನೂ ಹಿಂಗಾಗಿದ್ದು ಗೊತ್ತಾದ ಮೇಲೂ ಅವಳನ್ನ ಹಂಗೇ ಬಿಟ್ಟಿದ್ಯಲ್ಲಮ್ಮ," ಅಂದ ಅಣ್ಣ.

"ಏನಂತ ಏಳಾದ್ಲಾ? ಅವರಪ್ಪನ್ನ ಬಾಯಿಗೆ ಬಂದಂಗೆ ಅಂದಿದ್ದೆ. ನಮ್ಮ ಮನೇದೂ ಅದೇ ಕತೆ ಅಂತ ಯಾವ ಮುಖ ಇಟ್ಕೊಂಡು ಏಳ್ಲಿ?"

ಅಜ್ಜಿ ಎಲ್ಲರ ಮುಖ ನೋಡಿದಳು. "ನನ್ ತಟ್ಟೆ ಎಲ್ಲಿ?" ಅಂದಳು. ಆಮೇಲೆ ಬಳೆಯನ್ನು ನೋಡಿ, "ಓ, ಅವನು ಬಂದವ್ನೆ," ಅಂದಳು. "ಪಾದರಸ. ಅಂಬಿಕಾಗೆ ಎಷ್ಟು ಸಲ ಏಳಿದೀನಿ. ಮೈನ್ಸಾಗೆ ನಮ್ಮಣ್ಣ ತಾಮ್ರದ ತಗಡಿಗೆ ಅವನನ್ನ ಬಳೀತಿದ್ದ, ಕಲ್ಲು ಪುಡಿ ನೀರಾಗೆ ಅರ್ಕೊಂಡು ಬಂದ್ರೆ ಬಂಗಾರಾನ ಅಪ್ಕೊಂಡು ನಿಂತ್ಬಿಡ್ತಿದ್ದ. ಬೆಂಕಿ ತಾವ ಕರ್ಕೊಂಡೋದ್ರೆ ಒಬ್ನೇ ಬಿಟ್ಟೋಡ್ತಾನೆ."

"ಅಜ್ಜಿ, ನೀನು ಎಲ್ಲಿ ಹೇಳ್ದೆ? ಅಲ್ಲಿಗೆ ಬಂದಾಗೆಲ್ಲ ನಿದ್ದೆ ಮಾಡ್ಬಿಡ್ತಿದ್ದೆ."

"ನಿದ್ದೆ ಮಾಡ್ತಿದ್ದೋಳು ನೀನು. ಅನ್ನ ಮಾಡ್ರಿ ಈಗ, ಅಸಿವು."

ಮಧ್ಯಾಹ್ನವೇ ಅಣ್ಣ ಅಜ್ಜಿಯನ್ನು ಆಸ್ಪತ್ರೆಗೆ ಕರೆದುಕೊಂಡು ಹೋದ. ಡಾಕ್ಟರು ಪರೀಕ್ಷೆ ಮಾಡಿ, ಸದ್ಯಕ್ಕೆ ತೊಂದರೆ ಕಾಣುವುದಿಲ್ಲ, ಎಲ್ಲರೂ ಒಮ್ಮೆ ಬಂದು ತೋರಿಸಿಕೊಳ್ಳಿ, ಆ ಕಾಳನ್ನು ದನಕ್ಕೂ ಹಾಕಬೇಡಿ ಅಂದರಂತೆ. ಅಪ್ಪ ಬಾಯಿಗೆ ಬಟ್ಟೆ ಕಟ್ಟಿಕೊಂಡು, ಬಾವಿಯಿಂದ ದೂರದಲ್ಲಿ ಗುಂಡಿ ತೋಡಿ, ಡ್ರಮ್ಮನ್ನು ಮುಚ್ಚಳ ಬಿಗಿದು ಹಾಗೇ ಇಳಿಸಿದ. ಅನ್ನ ಹೂಳುವುದೆಂದರೆ ಅವನಿಗೆ ಆಗುವುದಿಲ್ಲ. ಮಣ್ಣೆಳೆದ ಮೇಲೆ ಸುಮಾರು ಹೊತ್ತು ಗುದ್ದಲಿಯ ಮೇಲೆ ಕೈಯಿಟ್ಟು ನಿಂತಿದ್ದ. ಸುಮಿತಾ ಒಂದು ಚೊಂಬು ನೀರು ತಂದು ಪಕ್ಕದಲ್ಲಿಟ್ಟಳು. ಅವನು ಕುಡಿದ.

ಮರುದಿನ ಅಮ್ಮನೇ ಬಂಗಾರಪೇಟೆ ಬಜಾರಿಗೆ ಹೊರಟಳು, ಆ ಭಾಮೈದನ ಅಂಗಡಿಗೇ. ಸುಮಿತಾ ಅವಳ ಪಕ್ಕ, ಹಿಂದೆ ನಾನು. ಬಲಗೈ ಬಳೆ ಮದುವೆಯಾದ ಮೇಲೆ ಕೈಬಿಟ್ಟು ಬಂದಿರಲಿಲ್ಲ. ಸೋಪು ಹಚ್ಚಿ ಸುಮಿತಾ ತೆಗೆದಳು. ಕೆಳಗಿನ ಚರ್ಮ ಎಳೆ ಮಗುವಿನ ಚರ್ಮದಂತಿತ್ತು. ಹೊಗೆ ಮೈಗೆ ಕೆಟ್ಟದ್ದೆಂದು ನಮ್ಮನ್ನು ರಸ್ತೆಯಾಚೆ ನಿಲ್ಲಿಸಿ, ಅಕ್ಕಸಾಲಿಗ ಹಿಂದಿನ ಅಂಗಳದಲ್ಲಿ ಹೊಗೆಗೊಳವೆಯಿದ್ದ ಕುಲುಮೆಗೆ ಬಳೆ ಇಟ್ಟ. ಹೊರಗೆ ತಂದಾಗ ಅದು ಮಂಕಾಗಿತ್ತು, ಅಲ್ಲಲ್ಲಿ ಸಣ್ಣ ಗುಳಿ ಬಿದ್ದಿತ್ತು. ಆದರೆ ಹಳದಿ. ಅಮ್ಮ ಅದನ್ನು ಅಂಗೈಯಲ್ಲಿ ಮುಚ್ಚಿಕೊಂಡು ಬಸ್‌ಸ್ಟಾಂಡಿನವರೆಗೆ ನಡೆದಳು. ಬೋರಮಾಳದ ಗುಂಡುಗಳೊಳಗೆ ಅರಗು ತುಂಬಿತ್ತು; ಬಿಚ್ಚಿ, ಕಾಸಿ, ಮತ್ತೆ ತುಂಬಿ ಪೋಣಿಸಿ ಕೊಡಲು ಆ ವಾರವೆಲ್ಲ ಹಿಡಿಯಿತು.

ನಿಶ್ಚಿತಾರ್ಥದ ಬೆಳಿಗ್ಗೆ ಅಮ್ಮನೇ ಸುಮಿತಾಳ ಜಡೆ ಸರಿಸಿ ಸರದ ಕೊಂಡಿ ಹಾಕಿದಳು. ಕೆಜಿಎಫ್‌ನ ಕ್ವಾರ್ಟರ್ಸಿನಲ್ಲಿ ಶಾಮಿಯಾನ ಹಾಕಿದ್ದರು, ಕಲಾಳ ಬೀಗರು ಮುಂದಿನ ಸಾಲಿನಲ್ಲಿ ಕೂತಿದ್ದರು. ಸುಮಿತಾಳ ತಾಯಿ ಮಗಳ ಕೊರಳು ನೋಡಿ, ಸರವನ್ನು ಎತ್ತಿ ಹಿಡಿದು, "ಬಣ್ಣ ಮಾಸಿದಂಗ ಕಾಣ್ತೈತಲ್ಲ?" ಅಂದರು. ಬೀಗಿತ್ತಿಯ ತಲೆ ಇತ್ತ ತಿರುಗಿತು. ಸುಮಿತಾಳ ಕೈ ಸೆರಗು ಹಿಡಿದುಕೊಂಡಿತು.

"ನಾನೇ ಕಣಮ್ಮ," ಅಂದಳು ಅಮ್ಮ. "ಒಳೀಲಿ ಅಂತ ಉಜ್ಜಿದೆ. ಜಾಸ್ತಿ ಉಜ್ಬಿಟ್ಟೆ."

"ಚೊಲೋ ಬಂಗಾರಕ್ಕ ಅಷ್ಟು ಉಜ್ಜಬಾರ್ದ್ರಿ," ಅಂದರು ಸುಮಿತಾಳ ತಾಯಿ.

"ಊಂ, ಈಗ ಗೊತ್ತಾಯ್ತು."

ಮನೆಗೆ ಬಂದ ಸಂಜೆ ಸುಮಿತಾ ಸರ ಬಿಚ್ಚಿ, ಬಟ್ಟೆಯ ಚೀಲಕ್ಕೆ ಹಾಕಿ ಅಮ್ಮನ ಮುಂದೆ ಹಿಡಿದಳು. ಅಮ್ಮ ತೆಗೆದುಕೊಳ್ಳಲಿಲ್ಲ.

"ನೀನೇ ಇಟ್ಕೊ. ಬಾ ಇಲ್ಲಿ, ಹೊಸ ಜಾಗ ತೋರಿಸ್ತೀನಿ. ನಿನ್ನ ಗುಳಿಗೆ ಗಿಳಿಗೆ ಇನ್ನೆಲ್ಲಾದ್ರೂ ಇದ್ರೆ ಈಗ್ಲೇ ಏಳು."

"ಇಲ್ರಿ ಅತ್ತಿ."

ಇಬ್ಬರೂ ಒಳಗಿನ ಕೋಣೆಗೆ ಹೋಗಿ ಬಾಗಿಲು ಮುಂದಕ್ಕೆ ಹಾಕಿಕೊಂಡರು. ಏನೋ ಸರಿಸಿದ ಸದ್ದು, ಪಿಸುಮಾತು, ಸುಮಿತಾಳ ನಗು. ಹೊರಗೆ ಬಂದಾಗ ಇಬ್ಬರ ಕೈಯೂ ಖಾಲಿ ಇತ್ತು.

"ಎಲ್ಲಿಟ್ರಿ?" ಅಂದೆ.

"ನಿಂಗ್ಯಾಕೆ?" ಅಂದಳು ಅಮ್ಮ.

"ನಿಮಗ್ಯಾಕ್ರಿ?" ಅಂದಳು ಸುಮಿತಾ.

ಅಂದಿನಿಂದ ನಾನು ಉಪ್ಪಿನ ಜಾಡಿ ನೋಡಿದ್ದೇನೆ, ಹಾಸಿಗೆಯ ಕೆಳಗೆ ನೋಡಿದ್ದೇನೆ, ಅಜ್ಜಿಯ ಎಲೆಅಡಿಕೆ ಚೀಲವನ್ನೂ ಬಿಟ್ಟಿಲ್ಲ. ಸಿಕ್ಕಿಲ್ಲ.